ಕಟ್ಟಿಟ್ಟ ಪುಟ

ನಮ್ಮ ಮನೆಯಲ್ಲಿ ಊಟಕ್ಕೆ ಕೂರುವ ಮೊದಲು ಎರಡು ಸಲ ಕೈ ತೊಳೆಯಬೇಕಿತ್ತು, ಮೊದಲು ಸೀಮೆಎಣ್ಣೆಯಲ್ಲಿ, ಆಮೇಲೆ ಒಲೆಯ ಬೂದಿಯಲ್ಲಿ. ಹಾಗೆ ತೊಳೆದರೂ ರೊಟ್ಟಿಗೆ ಸೀಮೆಎಣ್ಣೆಯ ವಾಸನೆ ಹತ್ತುತ್ತಿತ್ತು. ಜೋಳದ ರೊಟ್ಟಿಯ ವಾಸನೆಯೇ ಅದು ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಬಸವಕಲ್ಯಾಣದ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮದು ಮೂರು ಕೋಣೆಯ ಮಾಳಿಗೆ ಮನೆ. ಪಡಸಾಲೆಯೇ ಅಪ್ಪನ ಪ್ರೆಸ್ಸು. ಒಳಗೆ ಕಾಲಿಟ್ಟರೆ ಎಡಕ್ಕೆ ಕಾಲಿನಿಂದ ತುಳಿದು ನಡೆಸುವ ಅಚ್ಚಿನ ಮಷೀನು, ಬಲಕ್ಕೆ ಸೀಸದ ಅಚ್ಚುಮೊಳೆ ತುಂಬಿದ ಕೇಸುಗಳು. ಒಂದೊಂದು ಅಕ್ಷರಕ್ಕೆ ಒಂದೊಂದು ಖಾನೆ. ನಡುವೆ ಒಂದು ದೊಡ್ಡ ಶಹಾಬಾದ ಕಲ್ಲು. ಮೊಳೆ ಜೋಡಿಸಿ ಮುಗಿದ ಪುಟವನ್ನು ಆ ಕಲ್ಲಿನ ಮೇಲಿಟ್ಟು ಸುತ್ತಲೂ ದಾರದಿಂದ ಬಿಗಿಯಾಗಿ ಕಟ್ಟುತ್ತಿದ್ದರು. ಅವ್ವನಿಗೆ ಆ ಕಲ್ಲಿನ ಮೇಲೆ ಕಣ್ಣು. ಅವಳ ಅಡುಗೆಮನೆಯ ನೆಲ ಮಣ್ಣಿನದು, ಮಳೆಗಾಲಕ್ಕೆ ಕೆಸರು.

"ಮನ್ಯಾಗ ಇದ್ದದ್ದ ಒಂದ ಚಲೋ ಕಲ್ಲು. ಅದೂ ಸೀಸದ ಹೊಟ್ಟಿಗಿ ಹೋಯ್ತು," ಎಂದು ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದಳು.

"ಈ ವರ್ಷ ನಿಮಗೂ ಒಂದ ಕಲ್ಲ ಹಾಕಸ್ತೀನ್ರಿ," ಅನ್ನುತ್ತಿದ್ದ ಅಪ್ಪ.

ಆ ವರ್ಷ ಬರಲೇ ಇಲ್ಲ. ಆದರೆ ಆ 'ರಿ' ಯಾವತ್ತೂ ತಪ್ಪಲಿಲ್ಲ. ಅಪ್ಪ ಅವ್ವನಿಗೆ 'ರಿ' ಅನ್ನುತ್ತಿದ್ದ, ಓಣಿ ಗುಡಿಸುವವನಿಗೆ ಅನ್ನುತ್ತಿದ್ದ, ಎಂಟು ವರ್ಷದ ನನಗೂ "ನೀಲವ್ವಾರ, ಬರ್ರಿ" ಅನ್ನುತ್ತಿದ್ದ. ಓಣಿಯ ಹೆಂಗಸರು ಬಾವಿಯ ಹತ್ತಿರ ನನ್ನನ್ನು ಕಂಡರೆ, "ನಿಮ್ಮಪ್ಪ ನಾಯಿಗೂ ರಿ ಅಂತಾನಂತ, ಹೌದೇನ್ರಿ ನೀಲವ್ವಾರ?" ಎಂದು ನಗುತ್ತಿದ್ದರು. ಅಪ್ಪ ಆಣೆ ಇಡುತ್ತಿರಲಿಲ್ಲ. ಯಾರಾದರೂ ಆಣೆ ಮಾಡಿ ಹೇಳು ಎಂದರೆ, "ಆಣಿ ಇಟ್ಟಾಗಷ್ಟ ಖರೆ ಹೇಳೋದಾದ್ರ, ಉಳದ ಹೊತ್ತು ನಾವು ಏನ್ ಹೇಳ್ತೀವ್ರಿ?" ಎಂದು ಕೇಳುತ್ತಿದ್ದ. ಶೇಂದಿ ಅಂಗಡಿಯ ಜಾಹೀರಾತು ಅಚ್ಚು ಹಾಕುತ್ತಿರಲಿಲ್ಲ. ಲಗ್ನಪತ್ರಿಕೆಯಲ್ಲಿ ಹೆಸರಿನ ಹಿಂದೆ ಇಲ್ಲದ ಬಿರುದು ಸೇರಿಸು ಎಂದರೆ ಸೇರಿಸುತ್ತಿರಲಿಲ್ಲ. ಇದರಿಂದ ಗಿರಾಕಿ ಮುನಿದು ಹೋದ ದಿನ ಅವ್ವ ರೊಟ್ಟಿ ಬಡಿಯುವ ಸಪ್ಪಳ ಪಡಸಾಲೆಯವರೆಗೆ ಕೇಳುತ್ತಿತ್ತು. ಅಂಥ ಮನೆಯಲ್ಲಿ ಬೆಳೆದವಳು ನಾನು ಎಂದರೆ ಜನ ಈಗ ಪುಣ್ಯ ಅನ್ನುತ್ತಾರೆ. ಇರಬಹುದು. ಅಲ್ಲಿ ಇದ್ದಾಗ ಅದು ಪುಣ್ಯದ ಹಾಗೆ ಇರಲಿಲ್ಲ, ಬಿಗಿಯಾದ ಅಂಗಿಯ ಹಾಗೆ ಇತ್ತು.

ಅಪ್ಪ ಮೋರಖಂಡಿಯ ಕೂಲಿಯವರ ಮಗ. ಶಾಲೆ ಕಂಡವನಲ್ಲ. ಚಿಕ್ಕಂದಿನಲ್ಲಿ ಹೈದರಾಬಾದಿನ ಒಂದು ಪ್ರೆಸ್ಸಿಗೆ ಸೇರಿ, ನೆಲಕ್ಕೆ ಬಿದ್ದ ಮೊಳೆ ಆರಿಸಿ ಅದರದರ ಖಾನೆಗೆ ಹಾಕುತ್ತ ಹಾಕುತ್ತ ಅಕ್ಷರ ಕಲಿತ. ಸೀಸದ ಅಕ್ಷರ ಉಲ್ಟಾ ಇರುತ್ತದೆ. ಹಾಗಾಗಿ ಉಲ್ಟಾ ಅಕ್ಷರವನ್ನು ನೀರು ಕುಡಿದ ಹಾಗೆ ಓದುತ್ತಿದ್ದ ಅಪ್ಪ, ಅಚ್ಚಾದ ಕಾಗದ ಕೈಗೆ ಕೊಟ್ಟರೆ ಒಂದನೇ ಇಯತ್ತೆಯ ಕೂಸಿನಂತೆ ತಡವರಿಸುತ್ತಿದ್ದ. ರಾಜ್ಯ ಒಂದಾಗಿ ಕನ್ನಡದ ಕಚೇರಿ, ಕನ್ನಡದ ಶಾಲೆ ಬಂದ ಮೇಲೆ ಒಂದು ಹಳೆಯ ಮಷೀನು, ಎರಡು ಪುಟಕ್ಕೆ ಮಾತ್ರ ಸಾಲುವಷ್ಟು ಕನ್ನಡ ಮೊಳೆ ತಂದು ಕಲ್ಯಾಣದಲ್ಲಿ ಕೂತ. ಹೊತ್ತಗೆ ಅಚ್ಚು ಹಾಕುವುದೆಂದರೆ ಎರಡು ಪುಟ ಜೋಡಿಸುವುದು, ಅಚ್ಚು ಹಾಕುವುದು, ದಾರ ಬಿಚ್ಚಿ ಮೊಳೆಗಳನ್ನು ಮತ್ತೆ ಖಾನೆಗೆ ಸೇರಿಸುವುದು, ಮತ್ತೆ ಮುಂದಿನ ಎರಡು ಪುಟ. ನಾನು ಶಾಲೆಗೆ ಹೋಗಿ ನೆಟ್ಟಗಿನ ಅಕ್ಷರ ಕಲಿತ ಮೇಲೆ ಪ್ರೂಫ್ ಓದುವ ಕೆಲಸ ನನ್ನದಾಯಿತು. ನಾನು ಹಸಿ ಮಸಿಯ ಕಾಗದ ಹಿಡಿದು ಒಂದೊಂದೇ ಸಾಲು ಗಟ್ಟಿಯಾಗಿ ಓದುವುದು, ಅಪ್ಪ ಸೀಸದ ಸಾಲಿನ ಮೇಲೆ ಬೆರಳು ಆಡಿಸುವುದು. ಎರಡೂ ತಾಳೆಯಾದರೆ "ಮುಂದ" ಅನ್ನುತ್ತಿದ್ದ. ಆಗದಿದ್ದರೆ ಮಾತಿಲ್ಲ, ಬೆರಳು ಅಲ್ಲೇ ನಿಲ್ಲುತ್ತಿತ್ತು. ತಾಳೆಯಾಗದ ಪುಟದ ದಾರ ಬಿಚ್ಚಿ ಮೊಳೆ ಚದುರಿಸಬಾರದು ಎಂಬುದು ಅಪ್ಪನಿಗೆ ಅವನ ಉಸ್ತಾದರು ಕಲಿಸಿದ ನೇಮ. ನನಗೆ ಹತ್ತು ವರ್ಷ ತುಂಬುವುದರೊಳಗೆ ಉಲ್ಟಾ ಓದೂ ಬಂತು. ಒಂದು ದಿನದಲ್ಲಿ ಅಪ್ಪನ ಬಾಯಿಂದ ನಾನು ಅತಿ ಹೆಚ್ಚು ಕೇಳುತ್ತಿದ್ದ ಮಾತು ಆ "ಮುಂದ". ಅದಕ್ಕಿಂತ ದೊಡ್ಡ ಶಹಬ್ಬಾಸಗಿರಿ ನಮ್ಮ ಮನೆಯಲ್ಲಿ ಇರಲಿಲ್ಲ.

ನಾನು ಹತ್ತನೆಯ ಇಯತ್ತೆಯಲ್ಲಿದ್ದಾಗ ಶಾಂತಾಬಾಯಿ ಟೀಚರು ಒಂದು ದಿನ ನೋಟುಬುಕ್ಕು ಹಿಡಿದು ಮನೆಗೆ ಬಂದರು. ಅವರು ಕೊಹಿನೂರ ಎಂಬ ಊರಿನವರು, ಚಿಕ್ಕ ವಯಸ್ಸಿಗೇ ಗಂಡ ಹೋದವರು, ಮುದಿ ಅತ್ತೆಯನ್ನು ಸಾಕಿಕೊಂಡು ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಆ ಶಾಲೆಯನ್ನು ನಡೆಸುತ್ತಿದ್ದದ್ದು ಪ್ರತಿವರ್ಷ ದಾಸೋಹದ ಊಟ ಹಾಕಿಸುವ ಕಮಿಟಿಯೇ. ಆ ವರ್ಷದ ಊಟದಲ್ಲಿ ಟೀಚರು ಮೊದಲ ಪಂಕ್ತಿಯಲ್ಲಿ ಕೂತಿದ್ದರು. ಎಲೆ ಹಾಕಿ ಹುಗ್ಗಿ ಬಡಿಸಿದ ಮೇಲೆ ಯಾರೋ ಬಂದು ಎಬ್ಬಿಸಿದರಂತೆ. ಗಂಡ ಇಲ್ಲದವರು, ಮತ್ತೆ ಕೆಲವು ಕಸುಬಿನ ಮನೆಯವರು ಎರಡನೇ ಪಂಕ್ತಿಗೆ. ಎಲ್ಲರೂ ಒಂದೇ ಎಂದು ಬೆಳಗಿನಿಂದ ಭಾಷಣವಾದ ಚಪ್ಪರದಲ್ಲಿಯೇ. ಅದನ್ನು ಟೀಚರು ಬರೆದಿದ್ದರು, ಸಿಟ್ಟಿಲ್ಲದೆ, ಎಲೆಯ ಮೇಲಿನ ಹುಗ್ಗಿ ಆರುತ್ತಿದ್ದದ್ದನ್ನೂ ಬಿಡದೆ. ಎಂಟು ಪುಟ. ಕೊನೆಯಲ್ಲಿ ತಮ್ಮ ಹೆಸರು.

"ಅಕ್ಕೋರೆ, ಹೆಸರ ಇರಲೇನ್ರಿ?" ಎಂದು ಅಪ್ಪ ಕೇಳಿದ.

"ಇರಲಿ ಅಣ್ಣಾ. ಹೆಸರಿಲ್ಲದ ಮಾತು ಯಾರ ಮಾತಾಗ್ತದ?"

ಅಪ್ಪ ನೋಟುಬುಕ್ಕನ್ನು ಎರಡೂ ಕೈಯಿಂದ ಇಸಿದುಕೊಂಡ. ಅಚ್ಚು ಹಾಕಿಕೊಡುತ್ತೇನೆ ಎಂದ. ಅವನು ಹಾಗೆ ಅಂದ ಮೇಲೆ ಅದು ಆಗುವುದೇ.

ಆರು ಪುಟ ಮುಗಿಯುವ ಹೊತ್ತಿಗೆ ತಪ್ಪು ಆದದ್ದು ಅವ್ವನಿಂದ. ಕೆಟ್ಟ ಅಚ್ಚಿನ ಕಾಗದಗಳನ್ನು ಅವಳು ಕಿರಾಣಿ ಅಂಗಡಿಗೆ ರದ್ದಿಗೆ ಹಾಕಿ ಬೆಲ್ಲ, ಚಹಾಪುಡಿ ತರುತ್ತಿದ್ದಳು. ಅವ್ವನಿಗೆ ಓದು ಬಾರದು, ಲಗ್ನಪತ್ರಿಕೆಯೂ ಟೀಚರ ಬರಹವೂ ಅವಳಿಗೆ ಒಂದೇ ತೂಕ. ಅಂಗಡಿಯವನು ಆ ಹಾಳೆಯಲ್ಲಿ ಶೇಂಗಾ ಕಟ್ಟಿ ಕೊಟ್ಟದ್ದು ಯಾರಿಗೆ ಎಂದರೆ, ಕಮಿಟಿಯ ಹಿರಿಯ ಬಸಲಿಂಗಪ್ಪ ಸಾವಕಾರರ ಮನೆಯ ಆಳಿಗೆ. ಸಾವಕಾರರು ಶೇಂಗಾ ತಿನ್ನುತ್ತ ತಮ್ಮ ಪಂಕ್ತಿಯ ವಿಷಯ ತಾವೇ ಓದಿದರು. ಸುದ್ದಿ ಸಂಜೆಯೊಳಗೆ ಪೇಟೆ ಸುತ್ತಿತು. ದೀಪ ಹಚ್ಚುವ ಹೊತ್ತಿಗೆ ಟೀಚರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿತ್ತಲ ಬಾಗಿಲಿಂದ ಬಂದರು.

"ಅಣ್ಣಾ, ನಾ ದೊಡ್ಡ ಮಾತ ಆಡಿದ್ದೆ. ನಮ್ಮತ್ತಿ ಅಳಾಕತ್ತಾಳ. ನೌಕರಿ ಹೋದ್ರ ಆಕಿನ್ನ ಎಲ್ಲಿ ಒಯ್ಯಲಿ? ಬರದದ್ದು ಇರಲಿ. ನನ್ನ ಹೆಸರ ಮಾತ್ರ ಯಾರಿಗೂ ಗೊತ್ತಾಗೋದು ಬ್ಯಾಡ್ರಿ."

"ಆಯ್ತ್ರಿ ಅಕ್ಕೋರೆ. ಮುಂಜಾನೆ ಪೂಜಿ ಆದ ಮ್ಯಾಲ ಮೊದಲು ಆ ಸಾಲು ತಗೀತೀನಿ."

ಏಳನೇ ಪುಟವೂ ಅಚ್ಚಾಗಿ ಬಿಚ್ಚಿಯಾಗಿತ್ತು. ಎಂಟನೆಯದು ಒಂದೇ, ಕಲ್ಲಿನ ಮೇಲೆ, ದಾರ ಕಟ್ಟಿ ಕೂತಿತ್ತು. ಅದರ ಕೊನೆಯ ಸಾಲು: ಬರೆದವರು ಶಾಂತಾಬಾಯಿ, ಕೊಹಿನೂರ. ಆಗಲೇ ತೆಗೆದಿದ್ದರೆ ಎರಡು ನಿಮಿಷದ ಕೆಲಸ. ಆದರೆ ದೀಪ ಹಚ್ಚಿದ ಮೇಲೆ ಮೊಳೆ ಮುಟ್ಟಬಾರದು, ಪೂಜೆಗೆ ಮುಂಚೆ ಮುಟ್ಟಬಾರದು, ಅದು ನಮ್ಮ ಮನೆಯ ನೇಮ.

ನಮ್ಮ ಪೂಜೆಗೆ ಗಂಟೆ ಇರಲಿಲ್ಲ, ಮಂತ್ರ ಇರಲಿಲ್ಲ. ನಡುಮನೆಯಲ್ಲಿ ಮೂವರೂ ಹಣೆಗೆ ಇಬತ್ತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗ ಹಿಡಿದು ಸುಮ್ಮನೆ ಕೂರುವುದು. ಅಪ್ಪ ಕೈ ಮುಚ್ಚುವವರೆಗೆ ಯಾರೂ ಏಳುವಂತಿಲ್ಲ, ಬಾಗಿಲು ಬಡಿದರೂ. ಮರುದಿನ ಮುಂಜಾನೆ ಬಡಿದರು. ಬಾಗಿಲ ಚಿಲಕ ಮೊದಲೇ ಸಡಿಲು, ತಾವಾಗಿಯೇ ಒಳಗೆ ಬಂದದ್ದು ಕೇಳಿಸಿತು. ಸಾವಕಾರರ ಕೆಮ್ಮು, ಇನ್ನಿಬ್ಬರ ಮೆಟ್ಟಿನ ಸಪ್ಪಳ. ಗೋಡೆಯ ಆಚೆ ಕಲ್ಲು, ಕಲ್ಲಿನ ಮೇಲೆ ಆ ಹೆಸರು. ನಾನು ಏಳಲು ಮೊಣಕಾಲೂರಿದೆ. ಅಪ್ಪ ಕಣ್ಣು ತೆರೆಯಲಿಲ್ಲ. ನಾನು ಮತ್ತೆ ಕೂತೆ. ಹೊರಗೆ ಅವರು ಕಾಯುತ್ತಿದ್ದರು, ಒಳಗೆ ನಾವು ಕಾಯುತ್ತಿದ್ದೆವು. ಅಷ್ಟು ದೊಡ್ಡ ಪೂಜೆ ನಾನು ಮತ್ತೆಂದೂ ಮಾಡಿಲ್ಲ, ಅಷ್ಟು ಕೆಟ್ಟದ್ದನ್ನೂ.

ಕೊನೆಗೆ ಅಪ್ಪ ಎದ್ದು ಪಡಸಾಲೆಗೆ ಹೋಗಿ ಕೈ ಮುಗಿದ. "ಶರಣ್ರಿ. ಕೂಡ್ರಿ."

"ಕೂಡಾಕ ಬಂದಿಲ್ಲ ರೇವಣಪ್ಪ. ಇದನ್ನ ಬರದವರು ಯಾರು?" ಸಾವಕಾರರ ಕೈಯಲ್ಲಿ ಶೇಂಗಾದ ಎಣ್ಣೆ ಹತ್ತಿದ ಹಾಳೆ ಇತ್ತು.

"ಅದು ನನ್ನಿಂದ ಹೇಳಾಕ ಆಗಂಗಿಲ್ರಿ."

"ಗೊತ್ತಿಲ್ಲಂತೀಯೋ?"

"ಗೊತ್ತದರಿ. ಹೇಳಂಗಿಲ್ರಿ."

ಜೊತೆಗೆ ಬಂದವನೊಬ್ಬ ಕಲ್ಲಿನ ಮೇಲಿನ ಪುಟ ತೋರಿಸಿದ. "ಸಾವಕಾರ, ಇದೇ ಕಡೀ ಪುಟ ಇರಬೇಕು. ಹೆಸರು ಇದ್ರ ಇದರಾಗ ಇರ್ತದ." ಸಾವಕಾರರು ಬಗ್ಗಿ ನೋಡಿದರು. ಮಸಿ ತೊಳೆದ ಸೀಸದಲ್ಲಿ ಅಕ್ಷರ ಕಾಣಲಿಲ್ಲ, ಬೂದಿಯ ಮೇಲೆ ಬೂದಿ ಚೆಲ್ಲಿದ ಹಾಗೆ. ಉಲ್ಟಾ ಅಕ್ಷರ ನೆಟ್ಟಗೆ ಕಂಡೀತೆಂದು ಗೋಡೆಯ ಮೇಲಿದ್ದ ಅಪ್ಪನ ಸಣ್ಣ ಕನ್ನಡಿ ಕಿತ್ತು ಹಿಡಿದರು. ಬಲಕ್ಕೆ ವಾಲಿಸಿದರು, ಎಡಕ್ಕೆ ವಾಲಿಸಿದರು.

"ಏನ್ ಕಾಣಾಕತ್ತದರಿ?" ಎಂದು ಜೊತೆಗೆ ಬಂದವನು ಕೇಳಿದ.

"ನನ್ನ ರುಮಾಲ ಕಾಣಾಕತ್ತದ," ಎಂದು ಕನ್ನಡಿ ಇಟ್ಟರು. ಯಾರೂ ನಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ಏ ಪೋರಿ, ನಿನಗ ಇದು ಓದಾಕ ಬರ್ತದಂತಲ್ಲ. ಓದು. ನಿಮ್ಮಪ್ಪ ಹೇಳೂದಿಲ್ಲ. ಆದ್ರ ಈ ಮನ್ಯಾಗ ಸುಳ್ಳು ಹೇಳೂದಿಲ್ಲಂತ ಊರಿಗೇ ಗೊತ್ತದ. ನೀ ಓದಿದ್ದು ನಾವು ನಂಬತೀವಿ."

ನಾನು ಅಪ್ಪನನ್ನು ನೋಡಿದೆ. ಅವನು ಬೇಡ ಅನ್ನಲಿಲ್ಲ, ಓದು ಅನ್ನಲಿಲ್ಲ. ಕಲ್ಲಿನ ಹತ್ತಿರ ಬಂದು ಎಂದಿನ ಜಾಗದಲ್ಲಿ ನಿಂತ, ಅಷ್ಟೆ. ನಾನು ಓದತೊಡಗಿದೆ. ಮೊದಲ ಸಾಲು ಮುಗಿಯುತ್ತಲೇ ಅವನ ಬಾಯಿಂದ "ಮುಂದ" ಎಂದು ಬಂತು. ಬೇಕೆಂದು ಅಂದದ್ದಲ್ಲ, ಅದು ರೂಢಿ. ಎರಡನೆಯ ಸಾಲು. "ಮುಂದ." ಎಲೆ ಎತ್ತಿದ ಮೇಲೆ ನೆಲದ ಮೇಲೆ ಉಳಿದ ತೇವದ ಗುರುತಿನ ಮಾತು ಇದ್ದ ಸಾಲಿಗೂ "ಮುಂದ." ಸಾವಕಾರರು ಗಡ್ಡ ಕೆರೆದುಕೊಂಡರು. ಹದಿನಾಲ್ಕು ಸಾಲು ಮುಗಿದವು. ಹದಿನೈದನೆಯದಕ್ಕೆ ಬಂದಾಗ ನನ್ನ ಕಣ್ಣಿಗೆ ಟೀಚರ ಹೆಸರಿನ ಒಂದೊಂದು ಮೊಳೆಯೂ ಬೇರೆಬೇರೆಯಾಗಿ ಕಂಡಿತು. ನಾನು ಓದಿದೆ:

"ಬರೆದವರು ರೇವಣಪ್ಪ, ಮೋರಖಂಡಿ."

ಅಪ್ಪ "ಮುಂದ" ಅನ್ನಲಿಲ್ಲ. ಅವನ ಬೆರಳು ಆ ಸಾಲಿನ ಕೆಳಗೆ ನಿಂತಿತ್ತು. ಅದರ ಅರ್ಥ ಆ ಕೋಣೆಯಲ್ಲಿ ನನ್ನೊಬ್ಬಳಿಗೆ ಗೊತ್ತಿತ್ತು.

"ನೀ ಬರದೀಯೇನೋ? ಸಾಲಿ ಮಾರಿ ನೋಡದವ?" ಎಂದರು ಸಾವಕಾರರು.

ಅಪ್ಪ ಬೆರಳು ತೆಗೆಯದೆಯೇ ಹೇಳಿದ. "ಈ ಮನ್ಯಾಗ ಅಚ್ಚಾದ ಮಾತಿಗೆಲ್ಲ ನಾನೇ ಹೊಣಿರಿ."

ಅದು ನಿಜವೇ ಆಗಿತ್ತು. ಅಪ್ಪ ಸುಳ್ಳು ಹೇಳಲಿಲ್ಲ. ಹೇಳಿದವಳು ನಾನು. ಇದು ಹೊರಗೆ ಬಂದರೆ ನಮ್ಮ ಜನ ಯಾರೂ ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಅವರು ಹೋದರು. ಅಪ್ಪ ಕೊನೆಯ ಸಾಲನ್ನು ಹೊರತೆಗೆದು, ಆ ಜಾಗಕ್ಕೆ ಅಚ್ಚು ಹಾಕಿದವನೆಂದು ತನ್ನ ಹೆಸರು ಕೂಡಿಸಿ, ಅದೇ ದಿನ ಎಂಟನೇ ಪುಟ ಅಚ್ಚು ಹಾಕಿದ. ಮಾತು ಕೊಟ್ಟಿದ್ದನಲ್ಲ. ಅವ್ವ ದಬ್ಬಣ ಹಿಡಿದು ಹೊತ್ತಗೆಗಳನ್ನು ಹೊಲಿದಳು. ರದ್ದಿ ಹಾಕಿದವಳು ತಾನೇ ಎಂದು, ಅವತ್ತಿನ ಕೆಟ್ಟ ಹಾಳೆಗಳನ್ನು ಒಲೆಗೆ ಹಾಕಿದಳು. ಮಧ್ಯಾಹ್ನ ಪುಂಡಿಪಲ್ಯ, ರೊಟ್ಟಿ. ಅಪ್ಪ, ನಾನು ಎರಡು ಸಲ ಕೈ ತೊಳೆದು ಕೂತೆವು, ಅವ್ವ ಒಲೆಯ ಮುಂದೆ. ಅಪ್ಪ ತಟ್ಟೆ ನೋಡುತ್ತ ಹೇಳಿದ:

"ನೀಲವ್ವಾರ, ನಾಳಿಂದ ನೀವು ಪ್ರೂಫ್ ಓದೋದು ಬ್ಯಾಡ್ರಿ. ನಾ ಒಬ್ಬನ ನೋಡ್ತೀನಿ."

ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಿದಳು. "ಆ ಹುಡುಗಿ ಒಬ್ಬರ ಅನ್ನ ಉಳಿಸ್ಯಾಳ. ಅದಕ ಈ ಶಿಕ್ಷಾ ಏನ್ರಿ?"

"ಶಿಕ್ಷಾ ಅಲ್ರಿ. ಉಳಿಸ್ಯಾರ, ಖರೆ. ನಾ ಆಗಿದ್ರ ಉಳಸಾಕ ಆಗ್ತಿದ್ದಿಲ್ಲ. ಆದ್ರ ಇನ್ನ ಅವರು ಓದಿದಾಗೆಲ್ಲ ನನ್ನ ಬೆರಳ ನಿಂದರ್ತದ. ನಾ ಏನ್ ಮಾಡ್ಲಿ?"

ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ. ಅವನು ಬೈಯಲಿಲ್ಲ. ನನ್ನ ಕೈಗೆ ಕೆಲಸ ಇರಲಿಲ್ಲ, ಅದಕ್ಕೆ ಪುಸ್ತಕ ಹಿಡಿದೆ. ಪ್ರೆಸ್ಸಿನವನೊಬ್ಬ ಮಗಳನ್ನು ಬಿ.ಎ. ಓದಿಸಿದನಲ್ಲ, ಎಷ್ಟು ದೊಡ್ಡ ಮನಸ್ಸು ಎಂದು ಇವತ್ತಿಗೂ ಜನ ನನ್ನೆದುರು ಅನ್ನುತ್ತಾರೆ. ಹೌದು ಎಂದು ತಲೆಯಾಡಿಸಿ ಆಡಿಸಿ ನನ್ನ ಕುತ್ತಿಗೆ ಸೋತಿದೆ. ನಿಜ ಇಷ್ಟೇ, ಪಡಸಾಲೆಯಲ್ಲಿ ನನಗೆ ಜಾಗ ಉಳಿದಿರಲಿಲ್ಲ. ಮೆಟ್ರಿಕ್ ಆದ ಮೇಲೆ ಹುಮನಾಬಾದಿನ ಚಿಕ್ಕವ್ವನ ಮನೆಗೆ ಹೋದೆ. ಬೆಳಿಗ್ಗೆ ಎಂಟು ಮಂದಿಗೆ ರೊಟ್ಟಿ ಬಡಿದು, ಹಗಲು ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅ ಆ ತಿದ್ದಿಸಿ, ಉಳಿದ ಹೊತ್ತಿನಲ್ಲಿ ಓದಿ ಹೊರಗಿನಿಂದ ಪರೀಕ್ಷೆ ಕಟ್ಟಿದೆ. ಇಂಗ್ಲಿಷಿನಲ್ಲಿ ಎರಡು ಸಲ ಕೂತೆ, ಎರಡು ಸಲ ಬಿದ್ದೆ, ಮೂರನೆಯ ಸಲ ಎದ್ದೆ. ನಮ್ಮ ಅಪ್ಪನ ಕಡೆ, ಅವ್ವನ ಕಡೆ ಹುಡುಕಿದರೂ ನನಗಿಂತ ಮೊದಲು ಬಿ.ಎ. ಆದ ಗಂಡಸೂ ಇಲ್ಲ. ಈ ಮಾತು ಬರೆಯಲು ನನಗೆ ನಾಚಿಕೆಯಿಲ್ಲ. ಸರ್ಟಿಫಿಕೇಟು ತಂದು ಅಪ್ಪನ ಕೈಗೆ ಕೊಟ್ಟ ದಿನ ಅವನು ಅದನ್ನು ಬೆಳಕಿಗೆ ಹಿಡಿದು ಕಾಗದದ ದಪ್ಪ ನೋಡಿದ, ಅಚ್ಚಿನ ಒತ್ತು ಬೆರಳಿನಿಂದ ಮುಟ್ಟಿ ನೋಡಿದ.

"ಚಲೋ ಕೆಲಸ ಅದರಿ," ಎಂದ. ಅಂದದ್ದು ಅಚ್ಚಿಗೋ ನನಗೋ, ನಾನು ಕೇಳಲಿಲ್ಲ.

ಹೊತ್ತಗೆ ಹೊರಗೆ ಬಂತು, ಸಾವಕಾರರ ಮಾತೂ ನಡೆಯಿತು. ನಮ್ಮವರ ಲಗ್ನಪತ್ರಿಕೆಗಳು ಹುಮನಾಬಾದಿಗೆ ಹೋಗತೊಡಗಿದವು. ಆದರೆ ನನಗೆ ತಿಳಿಯದೆ ಉಳಿದದ್ದು ಬೇರೆ. ಅಪ್ಪ ಆಮೇಲೆ ಒಂದೂ ಹೊತ್ತಗೆ ಅಚ್ಚು ಹಾಕಲಿಲ್ಲ. ದೂರದ ಊರಿನವರು ಬಂದು ಕೇಳಿದರೂ, "ಮೊಳಿ ಸಾಲಂಗಿಲ್ರಿ" ಎಂದು ಕೈ ಮುಗಿಯುತ್ತಿದ್ದ. ಕರಪತ್ರ, ರಸೀದಿ, ಒಂದು ಪುಟದ ಕರೆಯೋಲೆ, ಅಷ್ಟೇ. ಮನಸ್ಸು ಮುರಿದಿದೆ ಎಂದುಕೊಂಡೆವು. ಟೀಚರು ಮತ್ತೆ ನಮ್ಮ ಮನೆಗೆ ಬರಲಿಲ್ಲ. ನಾಲ್ಕು ವರ್ಷಕ್ಕೆ ಬೇರೆ ಕಡೆ ಸರ್ಕಾರಿ ಶಾಲೆಯ ನೌಕರಿ ಸಿಕ್ಕು ಹೋದರು. ಅಲ್ಲಿಯವರೆಗೆ ದಾರಿಯಲ್ಲಿ ಸಿಕ್ಕರೆ ನನ್ನ ಕೈ ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ದಾಸೋಹದ ಎರಡು ಪಂಕ್ತಿ ಯಾವಾಗ ಒಂದಾದವೋ ಯಾರಿಗೂ ನೆನಪಿಲ್ಲ. ಕೇಳಿದರೆ, ಮೊದಲಿನಿಂದಲೂ ಹೀಗೇ ಇತ್ತು ಅನ್ನುತ್ತಾರೆ.

ಆ ಮುಂಜಾನೆಯಿಂದ ಹದಿನೈದು ವರ್ಷವೇ ಆಗಿರಬೇಕು. ನಾನಾಗ ಹುಮನಾಬಾದಿನ ಹೈಸ್ಕೂಲಿನಲ್ಲಿ ಕನ್ನಡ ಹೇಳುತ್ತಿದ್ದೆ, ಭಾನುವಾರಕ್ಕೊಮ್ಮೆ ಬಸ್ಸು ಹತ್ತಿ ಕಲ್ಯಾಣಕ್ಕೆ ಬರುತ್ತಿದ್ದೆ. ಆ ಭಾನುವಾರ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದೆ:

"ಅಪ್ಪಾ, ಶಾಂತಾಬಾಯಿ ಟೀಚರು ಹೋದ್ರಂತ. ಬುಧವಾರ."

ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಕೇಸಿನ ಹತ್ತಿರ ನಿಂತವನು ಕೈಯಲ್ಲಿದ್ದ ಮೊಳೆಯನ್ನು ಖಾನೆಗೆ ಹಾಕಿ, "ಅವರತ್ತಿ?" ಎಂದು ಕೇಳಿದ.

"ಅವರು ಹೋಗಿ ಭಾಳ ವರ್ಷ ಆಯ್ತು."

ಅವನು ನಡುಮನೆಗೆ ಹೋಗಿ, ಇಬತ್ತಿಯ ಗೂಡಿನ ಮೇಲಿನ ಹಲಗೆಯಿಂದ ಹಳೆಯ ಕಾಗದ ಸುತ್ತಿದ ಒಂದು ಭಾರವಾದ ಗಂಟನ್ನು ಎರಡೂ ಕೈಯಿಂದ ಇಳಿಸಿದ. ಅವ್ವ ಒಲೆಯ ಹತ್ತಿರದಿಂದ ಇಣುಕಿದಳು. "ಅದೇನು ದೇವರ ಸಾಮಾನಂತ ನಾ ಇಷ್ಟ ವರ್ಷ ಧೂಳ ಝಾಡಸ್ಕೋತ ಬಂದೀನಿ."

ಕಲ್ಲಿನ ಮೇಲಿಟ್ಟು ಕಾಗದ ಬಿಚ್ಚಿದ. ದಾರ ಕಟ್ಟಿದ ಎಂಟನೇ ಪುಟ. ಅಚ್ಚಾದ ಮೇಲೆ ಆ ಕೊನೆಯ ಸಾಲನ್ನು ತಿರುಗಿ ಅದರ ಜಾಗದಲ್ಲಿ ಕೂಡಿಸಿ ಹಾಗೆಯೇ ಇಟ್ಟಿದ್ದ. ಮನೆಯಲ್ಲಿದ್ದ ಮೊಳೆಯ ಅರ್ಧ ಪಾಲು ಅಷ್ಟು ವರ್ಷ ಆ ಹಲಗೆಯ ಮೇಲಿತ್ತು.

"ಅವತ್ತು ತಾಳೆ ಆಗಿದ್ದಿಲ್ರಿ, ಬಿಚ್ಚೋದು ಹ್ಯಾಂಗ?" ಎಂದ. "ಅವರು ಇರೋ ತನಕ ಆ ಹೆಸರ ಬಾಯಿಲೆ ಆಡೋದು ಬ್ಯಾಡಾಗಿತ್ತು. ಈಗ ಓದ್ರಿ."

ನಾನು ಕಲ್ಲಿನ ಈಚೆ ನಿಂತೆ. ಅವನು ತನ್ನ ಜಾಗದಲ್ಲಿ ನಿಂತ. ಕಣ್ಣು ಕಾಣದಿದ್ದರೂ ಬೆರಳ ತುದಿಗೆ ಸೀಸದ ಅಕ್ಷರ ತಿಳಿಯುತ್ತಿತ್ತು. ನಾನು ಒಂದು ಸಾಲು ಓದಿದೆ. "ಮುಂದ," ಎಂದ. ಎರಡು. ಮೂರು. ನನ್ನ ದನಿ ಶಾಲೆಯ ದನಿಯಾಗಿತ್ತು, ಅಲ್ಲಲ್ಲಿ ಒಡೆಯಿತು. ಹದಿನಾಲ್ಕು ಸಾಲು ಮುಗಿದವು. ಅವ್ವ ರೊಟ್ಟಿಯನ್ನು ಹಂಚಿನ ಮೇಲೆ ಮರೆತಿದ್ದಳು, ಕರಕು ವಾಸನೆ ಬರುತ್ತಿತ್ತು.

"ಬರೆದವರು ಶಾಂತಾಬಾಯಿ, ಕೊಹಿನೂರ," ಎಂದು ಓದಿದೆ.

ಅಪ್ಪನ ಬೆರಳು ಆ ಸಾಲಿನ ತುದಿಯವರೆಗೆ ಮೆಲ್ಲಗೆ ಹೋಯಿತು. ಅಲ್ಲಿಗೆ ಪುಟ ಮುಗಿದಿತ್ತು, ಅದರ ಕೆಳಗೆ ದಾರ ಬಿಟ್ಟರೆ ಬೇರೇನೂ ಇರಲಿಲ್ಲ.

"ಮುಂದ," ಎಂದ ಅಪ್ಪ.

ಆಮೇಲೆ ದಾರದ ತುದಿ ಹುಡುಕಿ ನನ್ನ ಕೈಗೆ ಕೊಟ್ಟ.